ಅಧಿವೇಶನಕ್ಕೆ ಮುಂಚಿನ ಆ ಅರ್ಧ ಗಂಟೆ

(ಶಾಸಕಾಂಗ ವರದಿಗಾರಿಕೆ ಕುರಿತ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ.

ದೇಶ ಯಾವುದೇ ಇರಲಿ, ಅಧಿವೇಶನ ಶುರುವಾಗುವ ಮುನ್ನ ಒಂದು ಸುದ್ದಿಗೋಷ್ಠಿ ನಡೆದೇ ನಡೆಯುತ್ತದೆ. ಸಭಾನಾಯಕರೋ, ಸಂಸದೀಯ ವ್ಯವಹಾರಗಳ ಸಚಿವರೋ, ಬಹುಮತ ಪಕ್ಷದ ನಾಯಕರೋ ಬರುತ್ತಾರೆ. ಎದುರಿಗೆ ಮೈಕುಗಳ ರಾಶಿ, ಕೈಯಲ್ಲೊಂದು ಹಾಳೆ. ಇಷ್ಟು ಮಸೂದೆ ತರುತ್ತೇವೆ, ಎಲ್ಲ ವಿಷಯಗಳ ಚರ್ಚೆಗೂ ಸಿದ್ಧರಿದ್ದೇವೆ, ಪ್ರತಿಪಕ್ಷದವರು ಕಲಾಪಕ್ಕೆ ಸಹಕರಿಸಬೇಕು ಎನ್ನುತ್ತಾರೆ. ಪ್ರಶ್ನೆಗಳು ಬರುತ್ತವೆ, ಅವುಗಳಲ್ಲಿ ಅರ್ಧದಷ್ಟು ಅಂದಿನ ರಾಜಕೀಯ ಜಗಳಕ್ಕೆ ಸಂಬಂಧಿಸಿದವು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಮಾರನೇ ದಿನ ಪತ್ರಿಕೆಯಲ್ಲಿ ಮಸೂದೆಗಳ ಸಂಖ್ಯೆಯೇ ತಲೆಬರಹ.

ಆ ಸಂಖ್ಯೆಗೆ ನಾವು ಕೊಡುವ ಬೆಲೆ ಅತಿಯಾಯಿತು ಎಂಬುದು ನನ್ನ ತಕರಾರು. ನಾಯಕರು ಓದುವ ಪಟ್ಟಿ ಸುಳ್ಳಲ್ಲ, ಆದರೆ ಅದರಿಂದ ತಿಳಿಯುವುದು ಕಡಿಮೆ. ಸದನದ ಸಮಯ ಯಾರ ಕೈಯಲ್ಲಿದೆ, ತಲೆ ಎಣಿಕೆ ಎಲ್ಲಿಗೆ ಬಂದಿದೆ, ಪಟ್ಟಿಯಿಂದ ಹೊರಗೆ ಉಳಿದದ್ದು ಯಾವುದು ಎಂದು ಕೆದಕಿದರೆ ಅದೇ ಅರ್ಧ ಗಂಟೆಯಲ್ಲಿ ಬೇರೆಯೇ ಸುದ್ದಿ ಸಿಗುತ್ತದೆ.

ನಮ್ಮ ಸಂಸತ್ತಿನಿಂದಲೇ ಶುರು ಮಾಡುತ್ತೇನೆ. 2023ರ ಆಗಸ್ಟ್ 31ರಂದು ಆಗಿನ ಸಂಸದೀಯ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರು ಸೆಪ್ಟೆಂಬರ್ 18ರಿಂದ 22ರವರೆಗೆ ವಿಶೇಷ ಅಧಿವೇಶನ ಎಂದು ಪ್ರಕಟಿಸಿದರು. ಯಾತಕ್ಕೆ ಎಂದು ಹೇಳಲಿಲ್ಲ. ದೆಹಲಿಯಲ್ಲಿ ಊಹಾಪೋಹದ ಸುಗ್ಗಿ. ಒಂದು ದೇಶ ಒಂದು ಚುನಾವಣೆ ಎಂದರು ಕೆಲವರು, ದೇಶದ ಹೆಸರು ಬದಲಾಗುತ್ತದೆ ಎಂದರು ಇನ್ನು ಕೆಲವರು. ಸೆಪ್ಟೆಂಬರ್ 13ರಂದು ತಾತ್ಕಾಲಿಕ ಪಟ್ಟಿ ಹೊರಬಿತ್ತು. ಅದರಲ್ಲಿ ಇದ್ದದ್ದು ನಾಲ್ಕು ಮಸೂದೆ: ವಕೀಲರ ತಿದ್ದುಪಡಿ ಮಸೂದೆ, ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿ ಮಸೂದೆ, ಅಂಚೆ ಕಚೇರಿ ಮಸೂದೆ, ಮುಖ್ಯ ಚುನಾವಣಾ ಆಯುಕ್ತರ ನೇಮಕಾತಿ ಮಸೂದೆ.

ನಡೆದದ್ದೇನು? ಸೆಪ್ಟೆಂಬರ್ 19ರಂದು, ಹೊಸ ಸಂಸತ್ ಭವನದಲ್ಲಿ ಕಲಾಪ ಶುರುವಾದ ಮೊದಲ ದಿನವೇ, ಮಹಿಳಾ ಮೀಸಲಾತಿಯ ಸಂವಿಧಾನ ತಿದ್ದುಪಡಿ ಮಸೂದೆ ಮಂಡನೆಯಾಯಿತು. 20ರಂದು ಲೋಕಸಭೆ 454–2 ಮತಗಳಿಂದ, 21ರಂದು ರಾಜ್ಯಸಭೆ 214–0 ಮತಗಳಿಂದ ಒಪ್ಪಿತು. ಪಟ್ಟಿಯಲ್ಲಿದ್ದ ಆ ನಾಲ್ಕು ಮಸೂದೆಗಳಲ್ಲಿ ಒಂದಕ್ಕೂ ಆ ಅಧಿವೇಶನದಲ್ಲಿ ಅಂಗೀಕಾರ ಸಿಗಲಿಲ್ಲ. ನಾಲ್ಕೂ ದಾಟಿದ್ದು ಡಿಸೆಂಬರಿನ ಚಳಿಗಾಲದ ಅಧಿವೇಶನದಲ್ಲಿ. ಪಟ್ಟಿಯನ್ನು ಅಕ್ಷರಶಃ ನಂಬಿ ಬರೆದವರ ವರದಿಯಲ್ಲಿ ಏನೇನು ಇತ್ತೋ ಅದ್ಯಾವುದೂ ಆಗಲಿಲ್ಲ, ಇಲ್ಲದ್ದೇ ಆಯಿತು. ಪಟ್ಟಿಗೆ 'ತಾತ್ಕಾಲಿಕ' ಎಂಬ ಹಣೆಪಟ್ಟಿ ಇತ್ತಲ್ಲ ಎಂದು ಸರ್ಕಾರ ಹೇಳಬಹುದು. ಇತ್ತು, ನಿಜ. ಆದರೆ ಐದು ದಿನಗಳ ಅಧಿವೇಶನವನ್ನು ಯಾವ ಮುಖ್ಯ ಕೆಲಸಕ್ಕೆ ಕರೆದೆವು ಎಂಬುದನ್ನೇ ಬಚ್ಚಿಟ್ಟು ಪಟ್ಟಿ ಕೊಡುವುದು ಪಟ್ಟಿ ಕೊಡದಿರುವುದಕ್ಕಿಂತ ಹೇಗೆ ಮೇಲು ಎಂಬುದು ನನಗೆ ಅರ್ಥವಾಗಿಲ್ಲ.

ಈ ಮಸೂದೆಯ ಹಳೆಯ ಕತೆ ಇನ್ನೂ ಸ್ವಾರಸ್ಯದ್ದು. ಮಹಿಳಾ ಮೀಸಲಾತಿ ಮೊದಲು ಲೋಕಸಭೆಗೆ ಬಂದದ್ದು 1996ರ ಸೆಪ್ಟೆಂಬರಿನಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಮತ್ತೆ ಮತ್ತೆ ಬಂತು, ಬಿದ್ದುಹೋಯಿತು. 2010ರ ಮಾರ್ಚ್ 9ರಂದು ರಾಜ್ಯಸಭೆ 186–1 ಮತಗಳಿಂದ ಅಂಗೀಕರಿಸಿತು. ಆಮೇಲೆ ನಾಲ್ಕು ವರ್ಷ ಅದು ಲೋಕಸಭೆಯ ಚರ್ಚೆಗೆ ಬರಲೇ ಇಲ್ಲ. 2014ರಲ್ಲಿ 15ನೇ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಹೋಯಿತು. ಲೋಕಸಭೆಯಲ್ಲಿ ಅದನ್ನು ಯಾರೂ ಸೋಲಿಸಲಿಲ್ಲ, ಯಾರೂ ವಿರುದ್ಧ ಮತ ಹಾಕಿ ಹೆಸರು ಕೆಡಿಸಿಕೊಳ್ಳಲಿಲ್ಲ. ಕಲಾಪ ಪಟ್ಟಿಗೆ ಹಾಕಲಿಲ್ಲ, ಅಷ್ಟೇ.

ಅಮೆರಿಕದಲ್ಲೂ ಇಂಥದ್ದೇ ಒಂದಿದೆ. 2013ರ ಜೂನ್ 27ರಂದು ಅಲ್ಲಿನ ಸೆನೆಟ್ ವಲಸೆ ಕಾನೂನಿನ ಸುಧಾರಣಾ ಮಸೂದೆಯನ್ನು 68–32 ಮತಗಳಿಂದ ಒಪ್ಪಿತು, ಎರಡೂ ಪಕ್ಷದವರ ಮತ ಅದರಲ್ಲಿತ್ತು. ಕೆಳಮನೆಯ ಸ್ಪೀಕರ್ ಆಗಿದ್ದ ಜಾನ್ ಬೇನರ್ ಅದನ್ನು ಮತಕ್ಕೆ ಹಾಕಲಿಲ್ಲ. ತಮ್ಮದೇ ಪಕ್ಷದ ಸದಸ್ಯರಲ್ಲಿ ಹೆಚ್ಚಿನವರಿಗೆ ಬೇಡವಾದ ಮಸೂದೆಯನ್ನು ಸ್ಪೀಕರ್ ಸದನಕ್ಕೆ ತರಬಾರದು ಎಂಬ ಅಲಿಖಿತ ಪದ್ಧತಿಯೊಂದು ರಿಪಬ್ಲಿಕನ್ನರಲ್ಲಿದೆ. ಡೆನಿಸ್ ಹ್ಯಾಸ್ಟರ್ಟ್ ಸ್ಪೀಕರ್ ಆಗಿದ್ದ ಕಾಲದಿಂದ ಅವರ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಇಡೀ ಸದನದಲ್ಲಿ ಬಹುಮತ ಸಿಗುವಂತಿದ್ದರೂ ಪಕ್ಷದ ಒಳಗೆ ಬಹುಮತ ಇಲ್ಲದಿದ್ದರೆ ಮಸೂದೆ ಕದ ತಟ್ಟುತ್ತಾ ಹೊರಗೇ ನಿಲ್ಲಬೇಕು. ಶಾಸಕಾಂಗದ ನಾಯಕರ ದೊಡ್ಡ ಅಧಿಕಾರ ಇದು. ತರುವುದು ಎಲ್ಲರ ಕಣ್ಣಿಗೆ ಬೀಳುತ್ತದೆ, ತರದಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಸುದ್ದಿಗೋಷ್ಠಿಗೆ ಹೋಗುವಾಗ ಹಿಂದಿನ ಅಧಿವೇಶನದ ಪಟ್ಟಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಹೋದ ಸಲ ಇದ್ದು ಈ ಸಲ ಮಾಯವಾದ ಮಸೂದೆ ಯಾವುದು ಎಂದು ಕೇಳಿ. ಉತ್ತರ ಹೇಳುವ ಮುನ್ನ ನಾಯಕರು ಪಕ್ಕದಲ್ಲಿ ಕೂತ ಅಧಿಕಾರಿಯ ಮುಖ ನೋಡಿದರೆ, ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ತಗುಲಿದೆ.

ಇನ್ನು, ನಾಯಕರು ಮಾತಾಡುವುದು ಯಾರ ಜೊತೆ? ನಮ್ಮ ಜೊತೆ, ನಮ್ಮ ಮೂಲಕ ಜನರ ಜೊತೆ ಎಂದು ನಾವು ತಿಳಿದಿರುತ್ತೇವೆ. ಬಹಳ ಸಲ ಅವರು ತಮ್ಮದೇ ಪಕ್ಷದ ಸದಸ್ಯರ ಜೊತೆ ಮಾತಾಡುತ್ತಿರುತ್ತಾರೆ. ಇದು ಕಣ್ಣಿಗೆ ಕಟ್ಟುವ ಹಾಗೆ ಕಾಣುವುದು ವಾಷಿಂಗ್ಟನ್ನಿನಲ್ಲಿ. ಅಲ್ಲಿ ಸೆನೆಟ್ ಸೇರಿರುವ ದಿನಗಳಲ್ಲಿ ಪ್ರತಿ ಮಂಗಳವಾರ ಎರಡೂ ಪಕ್ಷದವರು ಬೇರೆ ಬೇರೆಯಾಗಿ ಮಧ್ಯಾಹ್ನದ ಊಟಕ್ಕೆ ಸೇರುತ್ತಾರೆ. ಬಾಗಿಲು ಮುಚ್ಚಿದ ಸಭೆ. ಊಟ ಮುಗಿಸಿ ನಾಯಕರು ಸದನದ ಹೊರಗಿನ ಪಡಸಾಲೆಗೆ ಬರುತ್ತಾರೆ. 'ಒಹಾಯೊ ಗಡಿಯಾರ' ಎಂದು ಹೆಸರಾದ, ಆಳೆತ್ತರ ಮೀರಿದ ಹಳೆಯ ಗಡಿಯಾರದ ಬಳಿ ಮೈಕು ಇಟ್ಟಿರುತ್ತಾರೆ. ನಾಯಕರ ಹಿಂದೆ ಪಕ್ಷದ ಹಿರಿಯರು ಸಾಲಾಗಿ ನಿಲ್ಲುತ್ತಾರೆ. ಒಳಗೆ ಆದ ಜಗಳ ಎಷ್ಟು ಜೋರಿನದು ಎಂದು ಹೊರಗಿನ ಮಾತಿನಲ್ಲಿ ತೂಗಿ ನೋಡುವುದೇ ಅಲ್ಲಿನ ವರದಿಗಾರರ ಕಸುಬು.

2017ರ ಜೂನ್ 27 ಅಂಥದೊಂದು ಮಂಗಳವಾರ. ಒಬಾಮ ಕಾಲದ ಆರೋಗ್ಯ ವಿಮೆ ಕಾನೂನನ್ನು ತೆಗೆದುಹಾಕುವ ಮಸೂದೆಗೆ ಜುಲೈ 4ರ ರಜೆಯೊಳಗೇ ಮತದಾನ ಮುಗಿಸುತ್ತೇವೆ ಎಂದು ಬಹುಮತ ಪಕ್ಷದ ನಾಯಕ ಮಿಚ್ ಮೆಕಾನಲ್ ಹೇಳುತ್ತಾ ಬಂದಿದ್ದರು. ಅಂದು ಊಟದಿಂದ ಎದ್ದು ಬಂದವರೇ, ಮತದಾನ ಮುಂದಕ್ಕೆ ಹೋಗಿದೆ, ಮಾತುಕತೆ ನಡೆದಿದೆ ಎಂದರು. ಅಂದೇ ಮಧ್ಯಾಹ್ನ ರಿಪಬ್ಲಿಕನ್ ಸೆನೆಟರುಗಳು ಅಧ್ಯಕ್ಷ ಟ್ರಂಪ್ ಅವರನ್ನು ಕಾಣಲು ಶ್ವೇತಭವನಕ್ಕೆ ಹೋದರು. ಮೊದಲು ಗಡುವು ಕೊಟ್ಟದ್ದು ತಮ್ಮವರನ್ನು ದಾರಿಗೆ ತರಲು. ತಮ್ಮವರು ಜಗ್ಗಲಿಲ್ಲ. 100 ಸದಸ್ಯರ ಸದನದಲ್ಲಿ ಅವರ ಬಲ 52. ಮೂವರು ಕೈಕೊಟ್ಟರೆ ಮುಗಿಯಿತು. ಜುಲೈ 28ರ ನಸುಕಿನಲ್ಲಿ ಮತಕ್ಕೆ ಹಾಕಿದಾಗ ಕೈಕೊಟ್ಟವರು ಸರಿಯಾಗಿ ಮೂವರೇ: ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ, ಜಾನ್ ಮೆಕೇನ್. 49–51ರಲ್ಲಿ ಮಸೂದೆ ಬಿತ್ತು. ಮೆಕೇನ್ ಹೆಬ್ಬೆರಳನ್ನು ಕೆಳಗೆ ಮಾಡಿ ತೋರಿಸಿದ ಆ ಕ್ಷಣದ ದೃಶ್ಯವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ನಾನು ಕೇಳುವುದು ಇಷ್ಟು: ಒಂದು ತಿಂಗಳ ಹಿಂದಿನ ಆ ಮಂಗಳವಾರವೇ ಲೆಕ್ಕ ಕೂಡುತ್ತಿಲ್ಲ ಎಂಬ ಸುದ್ದಿ ಗಡಿಯಾರದ ಪಕ್ಕದಲ್ಲಿ ನಿಂತಿತ್ತಲ್ಲವೇ?

ಡೆಮಾಕ್ರಟರ ಕತೆಯೂ ಬೇರೆಯಲ್ಲ. 2021ರಲ್ಲಿ ಚಕ್ ಶುಮರ್ ನಾಯಕರು, ಸದನ 50–50. ಬೈಡನ್ ಅವರ ದೊಡ್ಡ ವೆಚ್ಚದ ಮಸೂದೆಯನ್ನು ಕ್ರಿಸ್‌ಮಸ್ ಒಳಗೆ ಮುಗಿಸುವ ಗುರಿ ಹೇಳಿಕೊಂಡಿದ್ದರು. ಡಿಸೆಂಬರ್ 19ರಂದು ಅವರದೇ ಪಕ್ಷದ ಜೋ ಮ್ಯಾಂಚಿನ್ ಟಿವಿಯಲ್ಲಿ ಕೂತು ಆಗುವುದಿಲ್ಲ ಎಂದುಬಿಟ್ಟರು. ಅದರ ಒಂದು ಭಾಗ ಬೇರೆ ಹೆಸರಿನಲ್ಲಿ, ಬೇರೆ ರೂಪದಲ್ಲಿ ದಾಟಿದ್ದು 2022ರ ಆಗಸ್ಟ್ 7ರಂದು. ಅದೂ ಮತಗಳು ಸಮವಾದಾಗ ಮಾತ್ರ ಬೀಳುವ ಉಪಾಧ್ಯಕ್ಷರ ಮತ, ಅಂದರೆ ಕಮಲಾ ಹ್ಯಾರಿಸ್ ಅವರ ಒಂದು ಮತ ಸೇರಿ 51–50ರಲ್ಲಿ.

ಇಲ್ಲಿ ಒಂದು ಅನುಮಾನ ಬಂದಿರಬೇಕು ನಿಮಗೆ. ಸೆನೆಟಿನಲ್ಲಿ ಮಸೂದೆ ದಾಟಲು 60 ಮತ ಬೇಕು ಅನ್ನುತ್ತಾರಲ್ಲ, ಈ 50–51ರ ಲೆಕ್ಕ ಎಲ್ಲಿಂದ ಬಂತು? ಅಲ್ಲಿ ಚರ್ಚೆಗೆ ಕೊನೆ ಹಾಡಲು 60 ಮತ ಬೇಕು, 1975ರಿಂದ ಹಾಗಿದೆ. ಅದಕ್ಕೂ ಮುಂಚೆ ಮೂರನೇ ಎರಡರಷ್ಟು ಬೇಕಿತ್ತು. ಬಜೆಟ್ಟಿಗೆ ಸಂಬಂಧಿಸಿದ ಮಸೂದೆಗಳಿಗೆ ಮಾತ್ರ 1974ರ ಒಂದು ಕಾನೂನು ಅಡ್ಡದಾರಿ ಮಾಡಿಕೊಟ್ಟಿದೆ, ಅಲ್ಲಿ ಸಾದಾ ಬಹುಮತ ಸಾಕು. ನಾಯಕರು ಮಸೂದೆಯನ್ನು ಯಾವ ದಾರಿಯಲ್ಲಿ ಕಳಿಸುತ್ತಾರೆ ಎಂದು ಗೊತ್ತಾದರೆ ಅದರ ಗತಿ ಅರ್ಧ ಗೊತ್ತಾದಂತೆ. ದಾರಿಯನ್ನು ಕೇಳದೆ ಬರೀ ಮಸೂದೆಯ ಹೆಸರು ಬರೆದುಕೊಂಡು ಬಂದ ವರದಿ ಏನೂ ಹೇಳುವುದಿಲ್ಲ.

ನಮ್ಮಲ್ಲಿಯೂ ದಾರಿಗಳು ಬೇರೆ ಬೇರೆ. ಸಾಮಾನ್ಯ ಮಸೂದೆಗೆ ಹಾಜರಿದ್ದು ಮತ ಹಾಕಿದವರ ಬಹುಮತ ಸಾಕು. ಸಂವಿಧಾನ ತಿದ್ದುಪಡಿಗೆ 368ನೇ ವಿಧಿಯ ಪ್ರಕಾರ ಸದನದ ಒಟ್ಟು ಸದಸ್ಯಬಲದ ಬಹುಮತವೂ ಬೇಕು, ಮತ ಹಾಕಿದವರಲ್ಲಿ ಮೂರನೇ ಎರಡರಷ್ಟೂ ಬೇಕು. ಏಕಕಾಲದ ಚುನಾವಣೆಯ ತಿದ್ದುಪಡಿ ಮಸೂದೆ 2024ರ ಡಿಸೆಂಬರ್ 17ರಂದು ಲೋಕಸಭೆಗೆ ಬಂದಾಗ ಮಂಡನೆಗೆ ಅವಕಾಶ ಕೊಡಬೇಕೇ ಎಂಬುದರ ಮೇಲೆಯೇ ಮತ ವಿಭಜನೆ ಆಯಿತು. ಪರ 269, ವಿರೋಧ 198. ಮಂಡನೆಗೆ ಸಾದಾ ಬಹುಮತ ಸಾಕಾದ್ದರಿಂದ ಗೆದ್ದರು. ಆದರೆ 467 ಮತಗಳಲ್ಲಿ ಮೂರನೇ ಎರಡರಷ್ಟು ಅಂದರೆ 312. ಮಸೂದೆ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಯಾವ ಸುದ್ದಿಗೋಷ್ಠಿಯೂ ಹೇಳದಷ್ಟನ್ನು ಆ ಒಂದು ಮತ ಎಣಿಕೆ ಹೇಳಿತ್ತು.

ಲೋಕಸಭೆಯಲ್ಲಿ ಭಾರೀ ಬಹುಮತ ಇದ್ದೂ ಎಡವಿದ ಉದಾಹರಣೆ 2015ರ ಭೂಸ್ವಾಧೀನ ಮಸೂದೆ. ಲೋಕಸಭೆ ಮಾರ್ಚಿನಲ್ಲೇ ಒಪ್ಪಿತು. ರಾಜ್ಯಸಭೆಯಲ್ಲಿ ಸಂಖ್ಯಾಬಲ ಇರಲಿಲ್ಲ. ಮೂರು ಸಲ ಸುಗ್ರೀವಾಜ್ಞೆ ಹೊರಡಿಸಿದರು, ಕೊನೆಗೆ ಆಗಸ್ಟ್ 30ರಂದು ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ಅದನ್ನು ಕೈಬಿಡುವುದಾಗಿ ಹೇಳಿದರು. ಎರಡೂ ಸದನಗಳ ಜಂಟಿ ಅಧಿವೇಶನ ಕರೆಯುವ ದಾರಿ ಸಂವಿಧಾನದಲ್ಲಿ ಇದೆ. ಮಸೂದೆಗಾಗಿ ಆ ದಾರಿ ಹಿಡಿದದ್ದು ಮೂರೇ ಸಲ, 1961, 1978 ಮತ್ತು 2002ರಲ್ಲಿ.

ಈಗ ಸಮಯದ ವಿಷಯ. ನನಗೆ ಇದೇ ಮುಖ್ಯ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಲೋಕಸಭೆಯಲ್ಲಿ ಯಾವ ಮಸೂದೆಗೆ ಎಷ್ಟು ಗಂಟೆ ಎಂದು ತೀರ್ಮಾನಿಸುವುದು ಕಾರ್ಯಕಲಾಪ ಸಲಹಾ ಸಮಿತಿ, ನಾವೆಲ್ಲ ಬಿಎಸಿ ಅನ್ನುತ್ತೇವಲ್ಲ, ಅದು. ಸ್ಪೀಕರ್ ಅಧ್ಯಕ್ಷರು, ಅವರೂ ಸೇರಿ 15 ಜನ. ನಿಗದಿಯಾದ ಗಂಟೆಗಳನ್ನು ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚುತ್ತಾರೆ. ಒಂದು ಮಸೂದೆಗೆ 4 ಗಂಟೆ ಇಟ್ಟರು ಎಂದುಕೊಳ್ಳಿ. ಅಂದರೆ 240 ನಿಮಿಷ. 543ರ ಸದನದಲ್ಲಿ 20 ಸದಸ್ಯರ ಪಕ್ಷಕ್ಕೆ ಬರುವುದು ಸುಮಾರು 9 ನಿಮಿಷ. ಒಬ್ಬರೇ ಸಂಸದರ ಪಕ್ಷವಾದರೆ ಅರ್ಧ ನಿಮಿಷಕ್ಕೂ ಕಡಿಮೆ, ಸಭಾಧ್ಯಕ್ಷರು ಕನಿಕರಿಸಿ ಹೆಚ್ಚು ಕೊಟ್ಟರೆ ಅದು ಅವರ ಔದಾರ್ಯ. ಈ ಲೆಕ್ಕ ಹಾಕಲು ಯಾವ ಮೂಲವೂ ಬೇಡ, ಪೆನ್ನು ಹಾಳೆ ಸಾಕು. ಎಲ್ಲದರ ಚರ್ಚೆಗೂ ಸಿದ್ಧ ಎಂದು ನಾಯಕರು ಹೇಳಿದ ಕೂಡಲೇ ಎಷ್ಟು ಗಂಟೆ ಎಂದು ಕೇಳುವುದು ನಮ್ಮ ಕೆಲಸ. ಬಿಎಸಿ ತೀರ್ಮಾನಿಸುತ್ತದೆ ಎಂಬ ಉತ್ತರ ಬರುತ್ತದೆ. ಬಿಎಸಿಯಲ್ಲಿ ನೀವು ಎಷ್ಟು ಕೇಳುತ್ತೀರಿ ಎಂಬ ಮರುಪ್ರಶ್ನೆಯನ್ನು ಯಾಕೋ ನಮ್ಮವರು ಕೇಳುವುದಿಲ್ಲ.

ಬ್ರಿಟನ್ನಿನಲ್ಲಿ ಈ ಗಂಟೆಗಳ ಲೆಕ್ಕ ನಿಯಮದಲ್ಲೇ ಬರೆದಿದೆ. ಹೌಸ್ ಆಫ್ ಕಾಮನ್ಸ್‌ನ 14ನೇ ಸ್ಥಾಯಿ ನಿಯಮದ ಪ್ರಕಾರ ಸರ್ಕಾರದ ಕೆಲಸಕ್ಕೆ ಮೊದಲ ಆದ್ಯತೆ. ಅದರಿಂದ ಕಿತ್ತು ಕೊಟ್ಟಂತೆ ಅಧಿವೇಶನಕ್ಕೆ 20 ದಿನ ಪ್ರತಿಪಕ್ಷಗಳಿಗೆ, 13 ಶುಕ್ರವಾರ ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸದಸ್ಯರ ಮಸೂದೆಗಳಿಗೆ. ಪ್ರತಿ ಗುರುವಾರ ಸಭಾನಾಯಕರು ಎದ್ದು ನಿಂತು ಮುಂದಿನ ವಾರದ ಕಲಾಪ ಓದುತ್ತಾರೆ, ಅದರ ಮುಂದಿನ ವಾರದ್ದನ್ನು ತಾತ್ಕಾಲಿಕ ಎಂದು ಹೇಳಿಯೇ ಓದುತ್ತಾರೆ. ಆಮೇಲೆ ಸದಸ್ಯರು ಪ್ರಶ್ನೆ ಕೇಳುತ್ತಾರೆ. ಅಂದರೆ ನಮ್ಮಲ್ಲಿ ವರದಿಗಾರರು ಹೊರಗೆ ಕೇಳುವುದನ್ನು ಅಲ್ಲಿ ಚುನಾಯಿತರೇ ಸದನದೊಳಗೆ ವಾರವಾರ ಕೇಳುತ್ತಾರೆ. ಇದು ನಮಗೂ ಬೇಕಿತ್ತು ಅನಿಸುತ್ತದೆ ನನಗೆ.

ಹಾಗೆಂದು ಅಲ್ಲಿ ಓದಿದ್ದೆಲ್ಲ ನಡೆಯುತ್ತದೆಯೇ? 2018ರ ಡಿಸೆಂಬರ್ 11ರಂದು ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರುವ ಒಪ್ಪಂದದ ಮೇಲೆ ಮತದಾನ ಎಂದು ನಿಗದಿಯಾಗಿತ್ತು. ಹಿಂದಿನ ದಿನ ಬೆಳಿಗ್ಗೆ ಸಂಪುಟದ ಹಿರಿಯ ಸಚಿವ ಮೈಕಲ್ ಗೋವ್ ರೇಡಿಯೊದಲ್ಲಿ ಮತದಾನ ನಡೆಯುತ್ತದೆ ಎಂದರು. ಅಂದೇ ಮಧ್ಯಾಹ್ನ ಪ್ರಧಾನಿ ತೆರೇಸಾ ಮೇ ಅದನ್ನು ಮುಂದೂಡಿದರು. ಸಂಜೆ ಸಿಟ್ಟಿಗೆದ್ದ ಸಂಸದರೊಬ್ಬರು ಸಭಾಧ್ಯಕ್ಷರ ಮುಂದಿನ ಮೇಜಿನ ಮೇಲಿನ ರಾಜದಂಡವನ್ನೇ ಎತ್ತಿಕೊಂಡು ಹೊರಟರು. ಮತದಾನ ನಡೆದದ್ದು 2019ರ ಜನವರಿ 15ರಂದು, ಸರ್ಕಾರ ಸೋತದ್ದು 202–432ರಲ್ಲಿ.

ಅಲ್ಲಿಗೆ ನಿಲ್ಲಲಿಲ್ಲ. ಮಾರ್ಚ್ 25ರಂದು ಸಂಸದ ಆಲಿವರ್ ಲೆಟ್ವಿನ್ ತಂದ ತಿದ್ದುಪಡಿಯನ್ನು ಸದನ 329–302ರಲ್ಲಿ ಒಪ್ಪಿ, ಒಂದು ದಿನದ ಕಾರ್ಯಸೂಚಿಯನ್ನೇ ಸರ್ಕಾರದ ಕೈಯಿಂದ ತೆಗೆದುಕೊಂಡಿತು. ಶಾಸಕಾಂಗದ ಇತಿಹಾಸ ಓದುವವರಿಗೆ ಇದು ಸಣ್ಣ ಘಟನೆ ಅಲ್ಲ. ಆದರೆ ತಮಾಷೆ ನೋಡಿ, ಹೀಗೆ ಕಸಿದುಕೊಂಡ ಮಾರ್ಚ್ 27ರಂದು ಸದನದ ಮುಂದೆ ಇದ್ದ ಎಂಟು ಬ್ರೆಕ್ಸಿಟ್ ಆಯ್ಕೆಗಳಲ್ಲಿ ಒಂದಕ್ಕೂ ಬಹುಮತ ಬರಲಿಲ್ಲ. ಸಮಯ ಸಿಕ್ಕಿತು, ಸಂಖ್ಯೆ ಸಿಗಲಿಲ್ಲ. ಫ್ರಾನ್ಸಿನವರು ಈ ಜಗ್ಗಾಟವನ್ನು ಸಂವಿಧಾನದೊಳಗೇ ಇತ್ಯರ್ಥ ಮಾಡಿಕೊಂಡಿದ್ದಾರೆ. 2008ರ ತಿದ್ದುಪಡಿಯ ನಂತರ ನಾಲ್ಕು ವಾರಗಳಲ್ಲಿ ಎರಡು ವಾರದ ಕಾರ್ಯಸೂಚಿ ಸರ್ಕಾರದ್ದು, ಒಂದು ವಾರ ಸರ್ಕಾರದ ಕೆಲಸದ ಮೇಲೆ ಕಣ್ಣಿಡುವುದಕ್ಕೆ.

ಮಸೂದೆಗಳನ್ನು ಪರಿಶೀಲಿಸುವ ಸಂಸದೀಯ ಸಮಿತಿಗಳ ಮಾತು ಬೇಗ ಮುಗಿಸುತ್ತೇನೆ. ಅಧಿವೇಶನಕ್ಕೆ ಮುಂಚೆ ಬರುವ ಸಂಸತ್ತಿನ ಬುಲೆಟಿನ್ನಿನಲ್ಲಿ ಹೊಸ ಮಸೂದೆಗಳ ಎದುರು 'ಮಂಡನೆ, ಪರ್ಯಾಲೋಚನೆ ಮತ್ತು ಅಂಗೀಕಾರ' ಎಂದು ಒಟ್ಟಿಗೆ ಬರೆದಿದ್ದರೆ, ಅದೇ ಅಧಿವೇಶನದಲ್ಲಿ ಮುಗಿಸುವ ಇರಾದೆ, ಸ್ಥಾಯಿ ಸಮಿತಿಗೆ ಕಳಿಸುವ ಯೋಚನೆ ಇಲ್ಲ ಎಂದೇ ಸಾಮಾನ್ಯವಾಗಿ ಅರ್ಥ. ಶಾಸಕಾಂಗಗಳ ಅಧ್ಯಯನ ನಡೆಸುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದಂತೆ 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ ಶೇ 16. ಮೂರು ಕೃಷಿ ಕಾಯ್ದೆಗಳು 2020ರ ಸೆಪ್ಟೆಂಬರಿನಲ್ಲಿ ಸಮಿತಿಗೆ ಹೋಗದೆ ಒಂದೇ ವಾರದಲ್ಲಿ ಎರಡೂ ಸದನ ದಾಟಿದವು. 2021ರ ನವೆಂಬರ್ 29ರಂದು ಅವುಗಳ ರದ್ದತಿ ಮಸೂದೆಯೂ ಚರ್ಚೆಯಿಲ್ಲದೆ ಒಂದೇ ದಿನ ಎರಡೂ ಸದನ ದಾಟಿತು. ಬರುವಾಗಲೂ ಅವಸರ, ಹೋಗುವಾಗಲೂ ಅವಸರ.

ಮಾತು ಮುಗಿದ ಮೇಲೆ ಸಭೆಯಿಂದ ಒಬ್ಬರು ಕೇಳಿದರು: ನಾಯಕರು ಯಾವ ಪ್ರಶ್ನೆಗೂ ಉತ್ತರ ಕೊಡದೆ ಎದ್ದು ಹೋದರೆ ಏನು ಮಾಡುವುದು?

ಅವರನ್ನು ಕೇಳದೆಯೇ ತಿಳಿಯುವಂಥದ್ದು ಒಂದಿದೆ, ಸುಗ್ರೀವಾಜ್ಞೆ. 123ನೇ ವಿಧಿಯ ಪ್ರಕಾರ ಸಂಸತ್ತು ಮತ್ತೆ ಸೇರಿದ ದಿನದಿಂದ ಆರು ವಾರದೊಳಗೆ ಅದರ ಜಾಗಕ್ಕೆ ಕಾನೂನು ಬರದಿದ್ದರೆ ಅದು ಸತ್ತುಹೋಗುತ್ತದೆ. ಹಾಗಾಗಿ ಜಾರಿಯಲ್ಲಿರುವ ಸುಗ್ರೀವಾಜ್ಞೆಗಳನ್ನು ಮೊದಲು ಪಟ್ಟಿ ಮಾಡಿ. ದೆಹಲಿಯ ಅಧಿಕಾರಿಗಳ ವರ್ಗಾವಣೆ, ನೇಮಕದ ಅಧಿಕಾರ ಯಾರದು ಎಂಬ ಸುಗ್ರೀವಾಜ್ಞೆ ಹೊರಟದ್ದು 2023ರ ಮೇ 19ರಂದು. ಮುಂಗಾರು ಅಧಿವೇಶನ ಶುರುವಾದದ್ದು ಜುಲೈ 20ರಂದು. ಆರು ವಾರ ಎಣಿಸಿದರೆ ಆಗಸ್ಟ್ ಕೊನೆಗೆ ಬರುತ್ತದೆ, ಅಧಿವೇಶನ ಅದಕ್ಕೂ ಮುಂಚೆ ಮುಗಿಯುವುದಿತ್ತು. ಮಣಿಪುರದ ಹಿಂಸಾಚಾರ ಕುರಿತ ಗದ್ದಲದಲ್ಲಿ ಸದನ ದಿನವೂ ಮುಂದೂಡುತ್ತಿದ್ದರೂ ಈ ಮಸೂದೆ ಬಂದೇ ಬರುತ್ತದೆ ಎಂದು ಕ್ಯಾಲೆಂಡರ್ ನೋಡಿದವರಿಗೆ ಗೊತ್ತಿತ್ತು. ಆಗಸ್ಟ್ 1ಕ್ಕೆ ಮಂಡನೆಯಾಯಿತು, 3ಕ್ಕೆ ಲೋಕಸಭೆ ಒಪ್ಪಿತು, 7ಕ್ಕೆ ರಾಜ್ಯಸಭೆ 131–102ರಲ್ಲಿ ಒಪ್ಪಿತು.